ನನ್ನ ಪಾಲಿನ ಗೆರಟೆಗಳು

ತೆಂಗಿನಕಾಯಿ ತುರಿದಾದ ಮೇಲೆ ಕೈಯಲ್ಲಿ ಉಳಿಯುವ ಗೆರಟೆಯನ್ನು ಏನು ಮಾಡಬೇಕು ಎಂಬುದು ನಮ್ಮ ಅತ್ತೆಯ ಕಾಲದಲ್ಲಿ ಒಂದು ಪ್ರಶ್ನೆಯೇ ಆಗಿರಲಿಲ್ಲ. ಅವರು ಅದನ್ನು ಅಡುಗೆಮನೆಯ ಹಿಂಬಾಗಿಲಿನಿಂದ ಬೀಸಿ ಎಸೆದರೆ ನೇರ ಬಚ್ಚಲೊಲೆಯ ಬಾಯಿಯ ಬಳಿ ಹೋಗಿ ಬೀಳುತ್ತಿತ್ತು. ಸಂಜೆ ಯಾರೋ ಒಬ್ಬರು ಕಾಲಿನಿಂದಲೇ ಅದನ್ನು ಒಲೆಗೆ ತಳ್ಳುತ್ತಿದ್ದರು. ಹಂಡೆಯ ನೀರು ಕುದಿದು ಮನೆಮಂದಿಯ ಮೈಕೈ ನೋವು ಇಳಿಯುತ್ತಿತ್ತು. ಘಟ್ಟದ ಮೇಲಿನವರು ಕರಟ ಎಂದು ಕರೆಯುವ ಈ ನಿರುಪದ್ರವಿ ಪದಾರ್ಥ ನಿರುದ್ಯೋಗಿಯಾದದ್ದು ನಮ್ಮ ಮಾಡಿನ ಮೇಲೆ ಸೋಲಾರ್ ಬಂದು ಕುಳಿತ ಮೇಲೆ. ಈಗ ದಿನಾ ಬೆಳಿಗ್ಗೆ ಅರ್ಧ ಕಾಯಿ ತುರಿದು, ಖಾಲಿ ಗೆರಟೆಯನ್ನು ಕೈಯಲ್ಲಿ ಹಿಡಿದು, ತರಗತಿಗೆ ಬಂದು ಪಾಠ ಮರೆತ ಮಾಸ್ತರರಂತೆ ನಾನು ಒಂದು ಕ್ಷಣ ನಿಲ್ಲುತ್ತೇನೆ.

ನನ್ನ ಪರಿಚಯವನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. ಕಾಪುವಿನಿಂದ ಶಿರ್ವಕ್ಕೆ ಹೋಗುವ ದಾರಿಯಲ್ಲಿ ಒಂದು ಕಡೆ ಒಳಕ್ಕೆ ತಿರುಗಿದರೆ ಒಂದೇ ಅಂಗಳದ ಆಚೆ ಈಚೆ ಎರಡು ಮನೆಗಳುಂಟು. ಈಚೆಯದು ನನ್ನದು, ಆಚೆಯದು ಮೈದುನ ಸದಾಶಿವನದು. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ್ದೇನೆ, ಎಪ್ಪತ್ತೊಂದು ತುಂಬಿದೆ, ಎರಡು ಮೊಣಕಾಲುಗಳಲ್ಲಿ ಒಂದು ಮಾತ್ರ ನನ್ನ ಮಾತು ಕೇಳುತ್ತದೆ. ಈ ವಯಸ್ಸಿನಲ್ಲಿ ನನ್ನ ಸಾಮಾಜಿಕ ಜೀವನವೆಂದರೆ ಮುಖ್ಯವಾಗಿ ಸಾವಿನ ಮನೆಗಳಿಗೆ ಹೋಗಿ ಬರುವುದು. ಅದಕ್ಕೆಂದೇ ಒಂದು ಬೂದು ಬಣ್ಣದ ನೂಲಿನ ಸೀರೆ ಬಾಗಿಲ ಹಿಂದೆ ನೇತಾಡುತ್ತಿರುತ್ತದೆ, ಮಡಿಸಿ ಕಪಾಟಿನಲ್ಲಿಡುವಷ್ಟು ಬಿಡುವನ್ನು ಅದಕ್ಕೆ ಯಾರೂ ಕೊಡುವುದಿಲ್ಲ. ಮೊದಲೆಲ್ಲ ಅಂಥ ಮನೆಯ ಮೆಟ್ಟಿಲು ಹತ್ತುವಾಗಲೇ ಕಣ್ಣು ತುಂಬುತ್ತಿತ್ತು. ಈಗ ಪ್ಲಾಸ್ಟಿಕ್ ಕುರ್ಚಿ ಎಲ್ಲಿ ಖಾಲಿ ಉಂಟು ಎಂದು ನೋಡುತ್ತೇನೆ. ದುಃಖವಿಲ್ಲವೆಂದಲ್ಲ, ಸುಸ್ತಾಗಿದೆ, ಅಷ್ಟೆ.

ಹೀಗೆ ಪರರ ಅಂತ್ಯಕ್ರಿಯೆಗಳಲ್ಲಿ ಕುಳಿತು ಕುಳಿತು ಮನುಷ್ಯನಿಗೆ ತನ್ನದರ ಬಗ್ಗೆ ಕೆಲವು ಅಭಿಪ್ರಾಯಗಳು ಹುಟ್ಟಿಕೊಳ್ಳುತ್ತವೆ. ಶಿರ್ವದಲ್ಲಿ ನನ್ನ ಹಳೆಯ ಸಹೋದ್ಯೋಗಿ ಲಿಲ್ಲಿ ಟೀಚರ್ ಇದ್ದಾರೆ. ಪತ್ರಿಕೆಯಲ್ಲಿ ತಮ್ಮ ನಿಧನವಾರ್ತೆಯ ಜೊತೆ ಬರಬೇಕಾದ ಭಾವಚಿತ್ರವನ್ನು ಅವರು ಆರಿಸಿ ಲಕೋಟೆಯಲ್ಲಿ ಹಾಕಿಟ್ಟು ವರ್ಷಗಳಾದವು. ನಲವತ್ತನೇ ವಯಸ್ಸಿನದ್ದು. ನೋಡಿದವರು ಅಯ್ಯೋ ಪಾಪ, ಎಷ್ಟು ಚಿಕ್ಕ ಪ್ರಾಯ ಎಂದು ಮರುಗುತ್ತಾರಲ್ಲ ಟೀಚರ್ ಎಂದು ನಾನೆಂದದ್ದಕ್ಕೆ, ಮರುಗಲಿ ಬಿಡಿ, ಬದುಕಿದ್ದಾಗ ಯಾರು ಮರುಗಿದ್ದಾರೆ ಎಂದರು. ಬೇಲಿಯಾಚೆಯ ಐಸಮ್ಮನಿಗೆ ಆಯ್ಕೆಯ ತಾಪತ್ರಯವೇ ಇಲ್ಲ. ಅವರ ಗಂಡ ಮಸ್ಕತ್ತಿನಲ್ಲಿ ದುಡಿದು ಬಂದು ಕಟ್ಟಿಸಿದ ಮನೆಯಲ್ಲಿ ಅಮೃತಶಿಲೆಯ ಹತ್ತು ಮೆಟ್ಟಿಲುಗಳುಂಟು, ಆದರೆ "ಹೋಗುವಾಗ ಐದು ತುಂಡು ಬಿಳಿ ಬಟ್ಟೆ, ಮತ್ತೆ ಮಣ್ಣು. ನಮ್ಮದು ಅಷ್ಟೇ ಟೀಚರ್" ಎಂದು ಅವರು ಹೇಳಿದಾಗ, ಪರಿಸರಸ್ನೇಹಿ ಎಂಬ ನಾಲಿಗೆ ತೊಡರುವ ಪದವನ್ನು ಸಭೆಗಳಲ್ಲಿ ಕಷ್ಟಪಟ್ಟು ಉಚ್ಚರಿಸುವವರೆಲ್ಲ ಬಂದು ಇವರ ಬಳಿ ನಾಲ್ಕು ದಿನ ಕೂರಬಹುದು ಅನ್ನಿಸಿತು.

ನಮ್ಮಲ್ಲಿ ಹಾಗಲ್ಲ. ನಮ್ಮಲ್ಲಿ ಒಬ್ಬರು ಸತ್ತರೆ ಒಂದು ಮಾವಿನ ಮರವೂ ಸಾಯುತ್ತದೆ. ಗದ್ದೆಯ ಬದಿಯಲ್ಲಿ ಮನೆತನದ ಜಾಗ, ಅಲ್ಲಿ ಮಾವಿನ ಕಟ್ಟಿಗೆಯ ಚಿತೆ, ಸುಟ್ಟಲ್ಲಿ ಮಣ್ಣೇರಿಸಿ ಒಂದು ದೂಪೆ, ಹದಿಮೂರನೇ ದಿನ ಬೊಜ್ಜದ ಊಟ. ನಮ್ಮ ಹಿತ್ತಿಲಲ್ಲಿ ಎರಡು ಮರಗಳಿದ್ದವು, ಒಂದು ಸಿಹಿಯದು, ಇನ್ನೊಂದು ಹುಳಿ ಕಾಟುಮಾವು. ಐದು ವರ್ಷದ ಹಿಂದೆ ನಮ್ಮವರು ಹೋದ ದಿನ ನಾನು ಚಾವಡಿಯಲ್ಲಿ ಅವರ ತಲೆಯ ಬಳಿ ಕುಳಿತಿದ್ದಾಗ ಹಿತ್ತಿಲಿನಿಂದ ಮರ ಕೊಯ್ಯುವ ಮಷೀನಿನ ಸದ್ದು ಕೇಳಿಸಿತು. ಯಾವುದು ಎಂದು ಕೇಳಿದೆ. "ಸಿಹಿಯದ್ದು ಅತ್ತಿಗೆ. ಅಣ್ಣನಿಗೆ ಒಳ್ಳೆಯದೇ ಆಗಲಿ ಅಂತ" ಎಂದ ಸದಾಶಿವ. ಅವನ ಮುಖದಲ್ಲಿ ಎಂಥ ಪ್ರೀತಿಯಿತ್ತೆಂದರೆ, ಆ ಹಣ್ಣಿಗೆ ಅಣ್ಣ ಪ್ರಾಣ ಬಿಡುತ್ತಿದ್ದರು, ಅವರಿಗೋಸ್ಕರವಾದರೂ ಅದನ್ನು ಉಳಿಸಬಾರದಿತ್ತೇ ಎಂಬ ಮಾತು ನನ್ನ ಬಾಯಿಯಲ್ಲೇ ಉಳಿಯಿತು. ಗಂಡನ ಹೆಣದ ಮುಂದೆ ಕುಳಿತು ಮರಕ್ಕೆ ಅತ್ತವಳು ಎಂಬ ಹೆಸರು ನನಗೆ ಬೇಡವಾಗಿತ್ತು. ಅಂದಿನಿಂದ ಉಳಿದ ಹುಳಿಮರ ನನ್ನದು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಮರ ಕೊಯ್ಯುವವನು ದಾರಿಯಲ್ಲಿ ಸಿಕ್ಕಾಗ ಮೊದಲು ನನ್ನನ್ನು, ಆಮೇಲೆ ನನ್ನ ಹಿತ್ತಿಲನ್ನು ನೋಡಿ ಆರೋಗ್ಯ ಹೇಗುಂಟು ಟೀಚರ್ ಎಂದು ವಿಚಾರಿಸುತ್ತಿದ್ದ.

ಆ ಮರದ ಮಿಡಿಯ ವಿಷಯ ನಿಮಗೆ ಹೇಳಲೇಬೇಕು. ಉಪ್ಪಿನಲ್ಲಿ ಹಾಕಿದರೆ ಎರಡು ವರ್ಷವಾದರೂ ಮೆತ್ತಗಾಗದ, ಭರಣಿಯ ಮುಚ್ಚಳ ತೆಗೆದರೆ ಸೊನೆಯ ಪರಿಮಳ ಪಡಸಾಲೆಯವರೆಗೆ ಬರುವ ಮಿಡಿ ಅದು. ಫೆಬ್ರವರಿ ಬಂತೆಂದರೆ ಓಣಿಯ ಹೆಂಗಸರೆಲ್ಲ ಬುಟ್ಟಿ ಹಿಡಿದು ಬರುತ್ತಿದ್ದರು. ನನ್ನಂಥ ನಲವತ್ತೆಂಟು ಕಿಲೋದ ಮುದುಕಿಯನ್ನು ಬೂದಿ ಮಾಡಲು ಆ ಮರವನ್ನು ಉರುಳಿಸುವುದು ಶುದ್ಧ ಅವಿವೇಕ ಅನ್ನಿಸಿತು. ನನಗೆ ಮೋಕ್ಷದ ಆಸೆ ಅಷ್ಟೇನಿಲ್ಲ. ನಾನು ಹೋದ ಮರುವರ್ಷವೂ ಆ ಬುಟ್ಟಿಗಳು ತುಂಬಬೇಕು, ಅಷ್ಟೇ ಬೇಕಿದ್ದದ್ದು.

ಹಾಗಾಗಿ ಪರ್ಯಾಯಗಳ ಅನ್ವೇಷಣೆಗೆ ಹೊರಟೆ. ಮಣಿಪಾಲಕ್ಕೆ ಕಣ್ಣು ತೋರಿಸಲು ಹೋದಾಗ ದೇಹದಾನದ ಫಾರಂ ತಂದೆ. ಕಾರ್ಕಳದಲ್ಲಿರುವ ಮಗಳು ವೀಣಾ ಫೋನಿನಲ್ಲೇ "ಅಮ್ಮ, ನನ್ನ ಸಹಿ ಕೇಳಬೇಡ" ಎಂದಳು. ನಾನೂ ಒಂದು ವಾರ ಅದನ್ನು ಮೇಜಿನ ಮೇಲಿಟ್ಟು ನೋಡಿದೆ. ಮೂವತ್ತೆರಡು ವರ್ಷ ಮಕ್ಕಳ ಮುಂದೆ ನಿಂತವಳು ಸತ್ತ ಮೇಲೂ ಮಕ್ಕಳ ಮುಂದೆ ಮಲಗಬೇಕೇ, ನಿವೃತ್ತಿ ಎಂಬುದು ಯಾವಾಗ ಎನ್ನಿಸಿ ಫಾರಂ ಡ್ರಾಯರಿಗೆ ಹೋಯಿತು. ಇದು ದೊಡ್ಡ ಮನಸ್ಸಿನವರ ಕೆಲಸ. ನನ್ನದು ಅಷ್ಟು ದೊಡ್ಡದಲ್ಲ ಎಂದು ಆ ದಿನ ಗೊತ್ತಾಯಿತು. ಉಡುಪಿ ಕಡೆ ಗ್ಯಾಸಿನಲ್ಲಿ ಸುಡುವ ವ್ಯವಸ್ಥೆ ಉಂಟು ಎಂದು ಯಾರೋ ಹೇಳಿದರು. ಸಿಲಿಂಡರ್ ಬುಕ್ ಮಾಡಿ ಕಾಯುವ ಕಷ್ಟವನ್ನು ಈ ಜನ್ಮಕ್ಕೆ ಸಾಕಷ್ಟು ಅನುಭವಿಸಿದ್ದೇನೆ. ಮೊಬೈಲಿನಲ್ಲಿ ಒಂದು ವಿಡಿಯೋ ಬಂದಿತ್ತು: ಹೊರದೇಶದಲ್ಲೆಲ್ಲೋ ದೇಹವನ್ನು ದೊಡ್ಡ ಮೊಟ್ಟೆಯಂಥ ಬುಟ್ಟಿಯಲ್ಲಿ ಕೂರಿಸಿ ಹುಗಿದು ಮೇಲೊಂದು ಗಿಡ ನೆಡುತ್ತಾರಂತೆ. ಮರುಳಾಗಿ ಸದಾಶಿವನಿಗೆ ತೋರಿಸಿದೆ. ಅವನು ಕೊನೆಯವರೆಗೂ ಗಂಭೀರವಾಗಿ ನೋಡಿ, "ನಮ್ಮಲ್ಲಿ ಮೂರಡಿ ತೆಗೆದರೆ ಕೆಂಪು ಕಲ್ಲು ಅತ್ತಿಗೆ. ನಿಮ್ಮನ್ನು ಹುಗಿಯಲಿಕ್ಕೆ ಜೆಸಿಬಿ ಬರಬೇಕು. ಮತ್ತೆ ಬಾವಿ ಎಷ್ಟು ಹತ್ತಿರ ಉಂಟು, ನೋಡಿದ್ದೀರಾ?" ಎಂದ.

ಸದಾಶಿವ ಈ ವಿಷಯದಲ್ಲಿ ಮಾತಾಡಿದರೆ ಅದು ತಜ್ಞರ ಅಭಿಪ್ರಾಯ. ಊರಿನಲ್ಲಿ ಯಾರು ಸತ್ತರೂ ಮೊದಲ ಫೋನು ಅವನಿಗೆ. ಚಟ್ಟಕ್ಕೆ ಎಷ್ಟು ಬಿದಿರು, ತಲೆ ಯಾವ ದಿಕ್ಕಿಗೆ, ಯಾವ ತುಂಡು ಕೆಳಗೆ, ಯಾವುದು ಎದೆಯ ಮೇಲೆ, ಅಳುವವರನ್ನು ಎಷ್ಟು ಹೊತ್ತು ಅಳಲು ಬಿಡಬೇಕು, ಎಲ್ಲವೂ ಅವನಿಗೆ ಕರತಲಾಮಲಕ. ನಮ್ಮ ಹೆಂಗಸರು ಸುಡುವಲ್ಲಿಗೆ ಹೋಗುವ ಕ್ರಮವಿಲ್ಲದ್ದರಿಂದ ಅಲ್ಲಿ ಏನು ನಡೆಯುತ್ತದೆಂಬುದು ನನಗೆ ತಿಳಿದದ್ದೂ ಅವನ ಬಾಯಿಯಿಂದಲೇ. ಒಂದು ಸಂಜೆ ಅಜೆಕಾರಿನ ಸಂಬಂಧಿಕರ ಮನೆಯ ಸಾವಿಗೆ ಹೋಗಿ ಬಂದವನು, ಸ್ನಾನ ಮುಗಿಸಿ, ಅಂಗಳದಲ್ಲಿ ಕುಳಿತು ಸಿಡುಕಿದ. ಅಲ್ಲಿ ಪಂಚಾಯತಿನವರು ಕಬ್ಬಿಣದ ಒಂದು ಪೆಟ್ಟಿಗೆಯಂಥದ್ದನ್ನು ಹಾಕಿಸಿದ್ದಾರೆ, ಅದರಲ್ಲಿಟ್ಟು ಬರೇ ಗೆರಟೆಯಲ್ಲಿ ಸುಟ್ಟುಬಿಟ್ಟರು, ಮರವಿಲ್ಲ, ಹೊಗೆಯಿಲ್ಲ. "ಹಪ್ಪಳ ಸುಟ್ಟ ಹಾಗೆ ಅತ್ತಿಗೆ. ಒಂದು ಎಲೆ ಅಡಿಕೆ ಹಾಕಿ ಮುಗಿಸುವಾಗ ಮನುಷ್ಯನೂ ಮುಗಿದ. ಅದು ಎಂತ ಮರ್ಯಾದೆ?"

ಅವನು ಬೈದ ಒಂದೊಂದು ಗುಣವೂ ನನಗೆ ಹಿಡಿಸಿತು. ಅಂಥ ಪೆಟ್ಟಿಗೆ ನಮ್ಮ ಪಂಚಾಯತಿನ ಶ್ಮಶಾನಕ್ಕೂ ಬಂದಿದೆ ಎಂದು ತಿಳಿದ ಮೇಲಂತೂ ಹುಡುಕಾಟ ನಿಂತಿತು. ದಿನಾ ಬೆಳಿಗ್ಗೆ ಕೈಯಲ್ಲಿ ಉಳಿಯುತ್ತಿದ್ದ ಅನಾಥ ಗೆರಟೆ ಏಕಾಏಕಿ ಸಾರ್ಥಕವಾಯಿತು. ಹಳೆಯ ಬಚ್ಚಲುಮನೆಯಲ್ಲಿ ಒಂದು ಗೋಣಿಚೀಲ ಇಟ್ಟೆ. ಆದರೆ ಒಂಟಿ ಹೆಂಗಸಿನ ಸಾರಿಗೆ ದಿನಕ್ಕೆ ಅರ್ಧ ಕಾಯಿ. ಈ ವೇಗದಲ್ಲಿ ಸಾಯುವ ಅರ್ಹತೆ ಪಡೆಯಲು ನಾನು ತೊಂಬತ್ತು ದಾಟಬೇಕಾಗಿತ್ತು. ಐಸಮ್ಮನ ಮೊಮ್ಮಗಳ ಮದುವೆಯಾದಾಗ ನಾಚಿಕೆ ಬಿಟ್ಟು ಕೇಳಿದೆ. ನನಗೆ ಬಿಸಿನೀರಿಗೆ ತೊಂದರೆ ಎಂದು ಭಾವಿಸಿದ ಅವರು ನಾಲ್ಕು ಗೋಣಿ ತುಂಬಿಸಿ ಕಳಿಸಿದರು. ಒಂದು ಮದುವೆಯ ಗೀರೈಸು-ಸಾರಿನ ಗೆರಟೆಯಲ್ಲಿ ನನ್ನ ಅಂತಿಮಯಾತ್ರೆ ಎಂದು ಯೋಚಿಸಿ ಒಬ್ಬಳೇ ನಕ್ಕೆ. ಆಮೇಲೆ ಬೇರೆ ಮನೆಗಳಿಂದಲೂ ಕೇಳಿ ತಂದು, ಎರಡು ವರ್ಷದಲ್ಲಿ ಒಂಬತ್ತು ಗೋಣಿಯಾಯಿತು. ಮಳೆಗಾಲದಲ್ಲಿ ಅವಕ್ಕೆ ತಗಡು ಹೊದೆಸಿದೆ, ಜಿರಲೆಗೆ ಬೇವಿನ ಸೊಪ್ಪು ಹಾಕಿದೆ. ಮಗಳ ಮದುವೆಯ ಸೀರೆಗಳಿಗೂ ನಾನು ಅಷ್ಟು ಉಪಚಾರ ಮಾಡಿರಲಿಲ್ಲ.

ಏಣಿ ಹುಡುಕುತ್ತ ಬಂದ ಸದಾಶಿವ ಒಂದು ಮಧ್ಯಾಹ್ನ ಬಚ್ಚಲಿನ ಬಾಗಿಲು ತೆರೆದ. ನಾನು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅವನು ಮೆಟ್ಟಿಲ ಮೇಲೆ ಕುಸಿದು ಕುಳಿತ.

"ಅಣ್ಣನಿಗೆ ಮರ ಕಡಿಸಿದ ಕೈಯಲ್ಲಿ ನಿಮಗೆ ಗೆರಟೆ ಹಾಕಿಸುವುದಾ? ಊರವರು ಎಂತ ಹೇಳಿಯಾರು ಅತ್ತಿಗೆ? ಇಷ್ಟು ದೊಡ್ಡ ಮೈದುನ ಇದ್ದು ಒಂದು ಮರಕ್ಕೆ ದಿಕ್ಕಿರಲಿಲ್ಲ ಅಂತ ಅಲ್ವಾ?"

ಊರವರು ಎರಡು ದಿನ ಹೇಳುತ್ತಾರೆ, ಮರ ಇನ್ನೂ ಐವತ್ತು ವರ್ಷ ಮಿಡಿ ಬಿಡುತ್ತದೆ ಎಂದೆ. ಅವನು ಮರದ ಕಡೆ ತಿರುಗಿದ. ಕೋಪ ಇಳಿದ ಮೇಲೆ ಅವನ ಧ್ವನಿ ಒಂದು ಬಗೆಯ ಬೇಡಿಕೆಯಂತೆ ಹೊರಟಿತು. "ನಿಮಗೆ ಬೇಡವಾದರೆ ಅದು ನನಗಿರಲಿ. ಊರಿಡೀ ಜನಕ್ಕೆ ಮಾವಿನ ಕಟ್ಟಿಗೆ ಒಟ್ಟಿಸಿದವ ನಾನು. ನನ್ನನ್ನು ಆ ಪೆಟ್ಟಿಗೆಗೆ ಹಾಕಿದರೆ ಹೇಗೆ? ಒಂದು ಮಾತು ಕೊಡಿ ನೋಡುವ."

ಮೊಣಕಾಲು ನೋಯುತ್ತಿತ್ತು, ಒಲೆಯ ಮೇಲೆ ಹಾಲಿತ್ತು, ಮಾತು ಮುಗಿದರೆ ಸಾಕಾಗಿತ್ತು. ನಾನು ಅವನಿಗಿಂತ ಆರು ವರ್ಷ ದೊಡ್ಡವಳು. ನಾನು ಹೋದ ಮೇಲಿನ ಮರದ ಚಿಂತೆ ನನಗೇಕೆ, ಅಷ್ಟರಲ್ಲಿ ಅವನಿಗೂ ಮನಸ್ಸು ಬದಲಾಗಬಹುದು ಎಂದುಕೊಂಡು, "ಆಯಿತು ಮಾರಾಯ, ನಿನಗೇ ಇರಲಿ" ಎಂದೆ. ಗಣಿತದಲ್ಲಿ ನಾನು ಶಾಲೆಯ ದಿನಗಳಿಂದಲೂ ದುರ್ಬಲಳು.

ಈ ವರ್ಷ ಶಿವರಾತ್ರಿ ಕಳೆದು ಒಂದು ವಾರವಾಗಿತ್ತು. ಬೆಳಿಗ್ಗೆ ಗಂಜಿ ಉಂಡು ಚಾವಡಿಯ ಕುರ್ಚಿಗೆ ಒರಗಿದ ಸದಾಶಿವ ಮತ್ತೆ ಏಳಲಿಲ್ಲ. ಓರಗಿತ್ತಿ ಸುಮತಿ ತಟ್ಟೆ ತೊಳೆದು ಬರುವಷ್ಟರಲ್ಲಿ ಮುಗಿದಿತ್ತು. ಹತ್ತು ಗಂಟೆಗೆ ಅಂಗಳ ತುಂಬಿತು, ಆದರೆ ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ದೀಪ ತಲೆಯ ಯಾವ ಬದಿಗೆ ಎಂಬ ಚರ್ಚೆ ಎದ್ದಾಗ ನಾಲ್ಕೈದು ಜನ ಅಭ್ಯಾಸಬಲದಿಂದ ಅವನ ಕಡೆಗೇ ತಿರುಗಿ, ಅವನು ಮಲಗಿರುವುದನ್ನು ಕಂಡು ಸುಮ್ಮನಾದರು. ಆಗ ನನಗೆ ನಿಜವಾಗಿ ದುಃಖವಾಯಿತು. ಪ್ಲಾಸ್ಟಿಕ್ ಕುರ್ಚಿಯ ನೆನಪೂ ಬರಲಿಲ್ಲ.

ಅವನ ಮಗ ದಿನೇಶ ನನ್ನನ್ನು ಹುಡುಕಿಕೊಂಡು ಅಡುಗೆಮನೆಗೆ ಬಂದ. ಕಣ್ಣು ಕೆಂಪಾಗಿತ್ತು, ಕೈಯಲ್ಲಿ ಮೊಬೈಲು. "ದೊಡ್ಡಮ್ಮ, ಮರ ಕೊಯ್ಯುವವ ಕಾರ್ಕಳದ ಕಡೆ ಕೆಲಸದಲ್ಲಿದ್ದಾನಂತೆ, ಬರುವಾಗ ಮಧ್ಯಾಹ್ನ ದಾಟುತ್ತದೆ. ಪಂಚಾಯತಿನ ಪೆಟ್ಟಿಗೆ ಖಾಲಿ ಉಂಟು. ನಿಮ್ಮ ಹತ್ತಿರ ಗೆರಟೆ ಉಂಟಲ್ಲ, ಅದರಲ್ಲೇ ಮಾಡಿದರೆ ಆಗದಾ? ಆ ಮರ ನಿಮಗೆ ಎಷ್ಟು ಇಷ್ಟ ಅಂತ ನನಗೆ ಗೊತ್ತುಂಟು."

ಓದುಗ ಮಹಾಶಯರೇ, ನಾನು ಮಾಡಬೇಕಾಗಿದ್ದದ್ದು ಇಷ್ಟೇ, ಸುಮ್ಮನಿರಬೇಕಿತ್ತು. ಮಾತು ಕೊಟ್ಟಾಗ ಅಲ್ಲಿ ಇನ್ನೊಬ್ಬರಿರಲಿಲ್ಲ, ಕೇಳಿದವನಿಗೆ ಇನ್ನು ಕೇಳಿಸುವುದಿಲ್ಲ. ಕಿಟಕಿಯಾಚೆ ಮರ ಮಿಡಿಯ ಭಾರಕ್ಕೆ ತಗ್ಗಿ ನಿಂತಿತ್ತು. ಸಮರ್ಥನೆಗಳೂ ಸಾಲುಗಟ್ಟಿ ಬಂದವು: ಅವನ ಹಠ ಬರೀ ಊರವರ ಬಾಯಿಗೆ ಹೆದರಿದ್ದು, ನನ್ನ ಹಠದಲ್ಲಿ ವಿವೇಕವುಂಟು, ಮರಕ್ಕೆ ಜೀವವುಂಟು. ಎಲ್ಲವೂ ಸತ್ಯವೇ. ಆದರೆ ದಿನೇಶನ ದಣಿದ ಮುಖ ನೋಡುತ್ತ ಒಂದು ವಿಷಯ ಹೊಳೆಯಿತು. ನಾನು ಚಾವಡಿಯಲ್ಲಿ ಮಲಗಿರುವ ದಿನವೂ ಯಾರೋ ಹೀಗೆಯೇ ಅಡುಗೆಮನೆಯಲ್ಲಿ ನಿಂತು, ಯಾವುದು ಸುಲಭ ಎಂದು ಕೇಳುತ್ತಾರೆ. ಆಗ ನನ್ನ ಒಂಬತ್ತು ಗೋಣಿಯ ಭವಿಷ್ಯವೆಲ್ಲ ಇನ್ನೊಬ್ಬ ದಣಿದ ಮನುಷ್ಯನ ನಾಲಿಗೆಯ ಮೇಲೆ ಇರುತ್ತದೆ. ಅವರು ಸುಮ್ಮನಿದ್ದರೆ ನನಗೇನು ಗತಿ?

"ಅವನಿಗೆ ಆ ಮರವೇ ಬೇಕಿತ್ತು ದಿನೇಶ. ನನ್ನಿಂದ ಮಾತು ತೆಗೆದುಕೊಂಡಿದ್ದಾನೆ. ಎಷ್ಟು ಹೊತ್ತಾದರೂ ಕಾಯುವ" ಎಂದೆ. ಹೇಳಿಯಾದ ಮೇಲೆ ಸಿಂಕಿನ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಚೆನ್ನಾಗಿ ಅತ್ತೆ. ಮೈದುನನಿಗೂ ಅತ್ತೆ, ಮರಕ್ಕೂ ಅತ್ತೆ, ಐದು ವರ್ಷದ ಹಿಂದೆ ಸಿಹಿಮರಕ್ಕೆ ಅಳದೆ ಉಳಿಸಿಟ್ಟಿದ್ದ ಅಳುವೂ ಅದರಲ್ಲಿ ಸೇರಿತ್ತು.

ಎರಡು ಗಂಟೆಗೆ ಮಷೀನಿನ ಸದ್ದು ಕೇಳಿಸಿತು. ನಾಲ್ಕು ಗಂಟೆಗೆ ದಿನೇಶ ತಲೆ ಕೆರೆಯುತ್ತ ಮತ್ತೆ ಬಂದ. ಮರ ತೀರಾ ಹಸಿಯಂತೆ, ಹತ್ತಿಸಿದ್ದು ಹಿಡಿಯುತ್ತಿಲ್ಲವಂತೆ, ಎರಡು ಗೋಣಿ ಗೆರಟೆ ಸಿಕ್ಕಿದರೆ ಆಗಬಹುದಂತೆ. ಎರಡು ಹೋಗಿ ನಾಲ್ಕಾಯಿತು, ನಾಲ್ಕು ಹೋಗಿ ಒಂಬತ್ತೂ ಹೋದವು. ಗದ್ದೆಯ ಕಡೆಯಿಂದ ಮೊದಲು ದಟ್ಟ ಹೊಗೆ ಕಂಡು, ಗೋಣಿಗಳು ಹೋದ ಮೇಲೆ ಅದು ತಿಳಿಯಾಯಿತು. ಮರವನ್ನು ಉಳಿಸಲಿಕ್ಕೆಂದು ಕೂಡಿಟ್ಟ ಗೆರಟೆ ಮರವನ್ನು ಉರಿಸಲಿಕ್ಕೆ ಬಂತು. ಗೆರಟೆಯಲ್ಲಿ ಸುಡುವುದು ಎಂತ ಮರ್ಯಾದೆ ಎಂದು ಕೇಳಿದ್ದ ಮನುಷ್ಯ ಒಂಬತ್ತು ಗೋಣಿ ಗೆರಟೆಯ ಮೇಲೆ ಹೋದ. ಅವನಿಗೆ ಇದನ್ನು ಹೇಳಿ ರೇಗಿಸುವಂತಿಲ್ಲವಲ್ಲ ಎಂದು ನನಗೆ ಈಗಲೂ ಬೇಸರವಾಗುತ್ತದೆ.

ಹಿತ್ತಿಲ ತುಂಬ ಮಿಡಿ ಚೆಲ್ಲಿ ಬಿದ್ದಿತ್ತು. ಸೂತಕದ ಮನೆ, ನಾವು ಯಾರೂ ಮುಟ್ಟುವಂತಿಲ್ಲ. ಮಾರನೇ ದಿನ ಐಸಮ್ಮ ಬೇಲಿಯ ಹತ್ತಿರ ಬಂದು, ಸೆರಗು ತಲೆಗೆಳೆದುಕೊಂಡು, "ಟೀಚರ್, ತಪ್ಪು ತಿಳಿಯಬೇಡಿ. ಇದು ಬಾಡಿ ಹೋದರೆ ಆಮೇಲೆ ಸಿಗಲಿಕ್ಕಿಲ್ಲ. ನಾನು ಹೆಕ್ಕಿ ಉಪ್ಪಿಗೆ ಹಾಕಲಾ?" ಎಂದರು. ಹಾಕಿ ಎಂದೆ. ಬಗ್ಗಲಾರದ ಆ ಹೆಂಗಸು ಒಂದು ಮುಕ್ಕಾಲಿಯ ಮೇಲೆ ಕುಳಿತು, ಅದನ್ನು ಜರುಗಿಸುತ್ತ ಜರುಗಿಸುತ್ತ, ತೊಟ್ಟು ಮುರಿಯದಂತೆ ಒಂದೊಂದನ್ನೇ ಹೆಕ್ಕಿದರು. ಬೊಜ್ಜ ಕಳೆದ ಮೇಲೆ ಎರಡು ಭರಣಿ ಬಂದವು, ಒಂದು ನನಗೆ, ಒಂದು ಸುಮತಿಗೆ. ದೂಪೆಯ ಬಳಿ ಒಂದು ಮಾವಿನ ಸಸಿ ನೆಟ್ಟೆ ಎಂದು ಬರೆದಿದ್ದರೆ ಈ ಪ್ರಬಂಧಕ್ಕೆ ಒಳ್ಳೆಯ ಮುಕ್ತಾಯ ಸಿಗುತ್ತಿತ್ತು. ನೆಡಲಿಲ್ಲ, ಮೊಣಕಾಲು ಬಗ್ಗುವುದಿಲ್ಲ.

ಹದಿನಾಲ್ಕನೇ ದಿನ ಬೆಳಿಗ್ಗೆ ಅರ್ಧ ಕಾಯಿ ತುರಿದು, ಗೆರಟೆಯನ್ನು ಹಿಡಿದು ಎಂದಿನಂತೆ ನಿಂತೆ. ಕಾಯಬೇಕಾದ ಮರವಿಲ್ಲ, ತುಂಬಿದ ಗೋಣಿಗಳಿಲ್ಲ. ಮೊದಲಿನಿಂದ ಶುರು ಮಾಡಲು ತ್ರಾಣವೂ ಇಲ್ಲ. ಎಸೆಯೋಣವೆಂದು ಹಿಂಬಾಗಿಲಿಗೆ ಹೋದರೆ, ಬಚ್ಚಲುಮನೆಯ ಮುಂದೆ ಸುಮತಿ ನಿಂತಿದ್ದಳು. ಈ ಹೆಂಗಸಿಗೆ ಸಾವಿನ ವಿಷಯದಲ್ಲಿ ಏನು ಇಷ್ಟ ಎಂದು ಇಷ್ಟು ವರ್ಷ ನಾವು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅವಳ ಕೈಯಲ್ಲಿ ಬಳೆ ಇಲ್ಲದ್ದು ಇನ್ನೂ ನನ್ನ ಕಣ್ಣಿಗೆ ಅಭ್ಯಾಸವಾಗಿರಲಿಲ್ಲ. ಒಂದು ಕೈಯಲ್ಲಿ ಖಾಲಿ ಗೋಣಿ ಇತ್ತು, ಇನ್ನೊಂದರಲ್ಲಿ ಅವಳ ಮನೆಯ ಗೆರಟೆ.

"ನನಗೆ ಗೊತ್ತಿತ್ತು ಅಕ್ಕ" ಎಂದಳು. "ಮಾತು ತೆಗೆದುಕೊಂಡದ್ದನ್ನು ಅವರು ಅವತ್ತೇ ಬಂದು ಹೇಳಿದ್ದರು. ನೀವು ಸುಮ್ಮನಿದ್ದಿದ್ದರೆ ನಾನೂ ಬಾಯಿ ಬಿಡುತ್ತಿರಲಿಲ್ಲ."

ಅವಳು ಗೋಣಿಯ ಬಾಯಿ ಅಗಲಿಸಿ ತನ್ನ ಗೆರಟೆಯನ್ನು ಒಳಗೆ ಹಾಕಿ, ನನ್ನ ಕಡೆ ಹಿಡಿದಳು.

"ಹಾಕಿ. ಒಂದೊಂದು ಮನೆಯದ್ದಾದರೆ ಯಾವಾಗ ತುಂಬುವುದು? ಒಟ್ಟಿಗೆ ಇರಲಿ. ಯಾರು ಮೊದಲು ಹೋದರೆ ಅವರಿಗೆ."

ಹಾಕಿದೆ. ಗೋಣಿಯ ತಳದಲ್ಲಿ ಅವಳ ಗೆರಟೆಯ ಒಳಗೆ ನನ್ನದು ಹೋಗಿ ಕುಳಿತಿತು. ಸುಮತಿ ಗೋಣಿಯನ್ನು ಒಳಗೆ ಗೋಡೆಗೆ ಒರಗಿಸಿ, ತಗಡನ್ನು ಎಳೆದು ಮುಚ್ಚಿದಳು. ಇಬ್ಬರೂ ಕಾಫಿಗೆ ಒಳಗೆ ಬಂದೆವು.